ತಿಂಗಳಿಗೆ 500 ಯೂರೊ ಕೊಡುವ ಕವರ್ಡ್ ಕಾಲ್ ಫಂಡ್: ಯುರೋಪಿನಲ್ಲಿರುವವರು ಕೊಳ್ಳಬಹುದೇ?

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಯಸ್ಸು 36, ಊರು ಹಾಸನದ ಹತ್ತಿರ. ಬ್ಯಾಂಕಿನಲ್ಲಿ 60,000 ಯೂರೊ ಉಳಿತಾಯವಿದೆ. ಅದಲ್ಲದೆ ಪ್ರತಿ ತಿಂಗಳು 800 ಯೂರೊ ಎಂಎಸ್‌ಸಿಐ ವರ್ಲ್ಡ್ ಇಟಿಎಫ್‌ಗೆ, ಅಂದರೆ ಹಲವು ದೇಶಗಳ ಷೇರುಗಳಿರುವ, ಷೇರಿನಂತೆಯೇ ಕೊಳ್ಳಬಹುದಾದ ಸೂಚ್ಯಂಕ ಫಂಡಿಗೆ ಹೋಗುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಇನ್ನು ಮುಂದೆ ತಿಂಗಳಿಗೆ 500 ಯೂರೊ ಕಳಿಸಬೇಕು. ಅಮೆರಿಕದ ಜೆಇಪಿಐ, ಕ್ಯೂವೈಎಲ್‌ಡಿ ಎಂಬ ಕವರ್ಡ್ ಕಾಲ್ ಫಂಡುಗಳು ವರ್ಷಕ್ಕೆ ಶೇ 10ರ ಆಸುಪಾಸು ಕೊಡುತ್ತವೆ, ಅದೂ ತಿಂಗಳು ತಿಂಗಳು, ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನನ್ನ ಬ್ರೋಕರ್ ಆ್ಯಪ್‌ನಲ್ಲಿ ಅವು ಸಿಗುತ್ತಿಲ್ಲ. ಯುರೋಪಿಗೇ ಮಾಡಿದ ಫಂಡುಗಳೂ ಇವೆಯಂತೆ. ಅವುಗಳಲ್ಲಿ 60,000 ಹಾಕಿದರೆ ಅಸಲು ಮುಟ್ಟದೆ ತಿಂಗಳಿಗೆ 500 ಬರುತ್ತದೆ, ಅಲ್ವಾ? ಮೂರ್ನಾಲ್ಕು ವರ್ಷದಲ್ಲಿ ಊರಿಗೆ ವಾಪಸಾಗುವ ಯೋಚನೆಯೂ ಇದೆ.

ಉತ್ತರ: ಮೊದಲು ಸುಲಭದ್ದನ್ನು ಮುಗಿಸೋಣ. ಆ ಫಂಡುಗಳು ಸಿಗದಿರುವುದು ನಿಮ್ಮ ಬ್ರೋಕರ್ ತಪ್ಪಲ್ಲ. 2018ರ ಜನವರಿಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಪ್ರಿಪ್ಸ್ ಎಂಬ ನಿಯಮ ಜಾರಿಯಲ್ಲಿದೆ. ಸಾಮಾನ್ಯ ಹೂಡಿಕೆದಾರರಿಗೆ ಫಂಡ್ ಮಾರಬೇಕಾದರೆ ಅದರ ಅಪಾಯ, ಖರ್ಚು ಎಲ್ಲವನ್ನೂ ಮೂರು ಪುಟದೊಳಗೆ ಹೇಳುವ ಒಂದು ಮಾಹಿತಿ ಪತ್ರ ಇರಲೇಬೇಕು. ಕೆಐಡಿ ಅಂತ ಅದಕ್ಕೆ ಹೆಸರು. ಅಮೆರಿಕದ ಫಂಡ್ ಕಂಪನಿಗಳು ಆ ಪತ್ರ ಮಾಡುವುದಿಲ್ಲ, ಹಾಗಾಗಿ ಬ್ರೋಕರ್ ಮಾರುವಂತಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಆಪ್ಷನ್ ಮೂಲಕ ಸುತ್ತಿ ಬಳಸಿ ಅಮೆರಿಕದ ಇಟಿಎಫ್ ಖಾತೆಗೆ ಬರುವಂತೆ ಮಾಡಿಕೊಳ್ಳುವ ಜನರಿದ್ದಾರೆ. ನೀವು ಆ ತಂಟೆಗೆ ಹೋಗಬೇಡಿ. ಯುರೋಪಿಗೆಂದೇ ಮಾಡಿದ ಯೂಸಿಟ್ಸ್ ಫಂಡುಗಳು ಈಗ ಸಾಕಷ್ಟಿವೆ. ಕ್ಯೂವೈಎಲ್‌ಡಿ ನಡೆಸುವ ಗ್ಲೋಬಲ್ ಎಕ್ಸ್ ಕಂಪನಿ ಆ ನ್ಯಾಸ್‌ಡ್ಯಾಕ್ 100 ಕವರ್ಡ್ ಕಾಲ್ ಫಂಡಿನ ಯುರೋಪ್ ರೂಪವನ್ನು 2022ರ ಕೊನೆಗೆ ತಂದಿತು. ಜೆಇಪಿಐ ನಡೆಸುವ ಜೆಪಿಮಾರ್ಗನ್ 2023ರ ಕೊನೆಗೆ ಗ್ಲೋಬಲ್ ಈಕ್ವಿಟಿ ಪ್ರೀಮಿಯಂ ಇನ್‌ಕಂ ಫಂಡನ್ನೂ, 2024ರ ಕೊನೆಗೆ ಅಮೆರಿಕ ಮತ್ತು ನ್ಯಾಸ್‌ಡ್ಯಾಕ್ ಫಂಡುಗಳನ್ನೂ ತಂದಿತು. ಐಶೇರ್ಸ್ ಕೂಡ 2024ರಲ್ಲಿ ಈ ಸಾಲಿಗೆ ಸೇರಿತು.

ಅಂದರೆ ಸಿಗುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಅಸಲು ಮುಟ್ಟದೆ" ಅನ್ನುವ ಎರಡು ಪದ.

ಆ ಶೇ 10 ಎಲ್ಲಿಂದ ಬರುತ್ತದೆ ನೋಡೋಣ. ಅಮೆರಿಕದ ದೊಡ್ಡ ಕಂಪನಿಗಳ ಡಿವಿಡೆಂಡ್ ಶೇ 1ರಿಂದ 2ರೊಳಗೆ. ಉಳಿದದ್ದು ಕಾಲ್ ಆಪ್ಷನ್ ಮಾರಿ ಬಂದ ಪ್ರೀಮಿಯಂ. ಕಾಲ್ ಆಪ್ಷನ್ ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ (ಅದೇ ಸ್ಟ್ರೈಕ್) ಕೊಳ್ಳುವ ಹಕ್ಕು, ಆ ಹಕ್ಕಿಗೆ ಸಿಗುವ ದುಡ್ಡೇ ಪ್ರೀಮಿಯಂ. ಕೋಲಾರದ ಕಡೆ ಮಾವಿನ ತೋಟದವರು ಮರ ಹೂ ಬಿಟ್ಟಾಗಲೇ ಫಸಲನ್ನು ವ್ಯಾಪಾರಿಗೆ ಮಾತಾಡಿ ಕೊಟ್ಟುಬಿಡುವುದುಂಟು. ದುಡ್ಡು ಈಗಲೇ ಕೈಗೆ ಬರುತ್ತದೆ. ಆಮೇಲೆ ರೇಟು ಎಷ್ಟೇ ಏರಲಿ, ಲಾಭ ವ್ಯಾಪಾರಿಯದು. ಬಿರುಗಾಳಿಗೆ ಮರ ಉರುಳಿದರೆ ಮಾತ್ರ ನಷ್ಟ ತೋಟದವರದೇ. ಕವರ್ಡ್ ಕಾಲ್ ಕೂಡ ಇದೇ ವ್ಯವಹಾರ. ಷೇರು ನಿಮ್ಮದು, ಮುಂದಿನ ತಿಂಗಳ ಏರಿಕೆಯನ್ನು ಇವತ್ತೇ ಮಾರಿದ್ದೀರಿ, ಬಿದ್ದರೆ ಬೀಳುವುದು ನಿಮ್ಮದೇ.

ಅಂಕಿ ಇಟ್ಟು ನೋಡಿದರೆ ಇನ್ನೂ ಸ್ಪಷ್ಟ. ಸೂಚ್ಯಂಕ 100ರಲ್ಲಿದೆ ಅಂತಿಟ್ಟುಕೊಳ್ಳಿ. ಫಂಡು 100ರ ಸ್ಟ್ರೈಕ್‌ಗೇ ಒಂದು ತಿಂಗಳ ಕಾಲ್ ಮಾರಿ 2 ಪ್ರೀಮಿಯಂ ಪಡೆಯಿತು. ಆ ತಿಂಗಳು ಸೂಚ್ಯಂಕ 92ಕ್ಕೆ ಬಿತ್ತು. ಪ್ರೀಮಿಯಂ 2 ನಿಮ್ಮ ಖಾತೆಗೆ ಬಂತು, ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಮೌಲ್ಯ, 92 ಆಯಿತು. ಮುಂದಿನ ತಿಂಗಳು ಫಂಡು ಮತ್ತೆ ಕಾಲ್ ಮಾರುತ್ತದೆ, ಈ ಸಲ 92ರ ಸ್ಟ್ರೈಕ್‌ಗೆ. ಮತ್ತೆ 2 ಬಂತು. ಆ ತಿಂಗಳು ಸೂಚ್ಯಂಕ ಚೇತರಿಸಿಕೊಂಡು 100ಕ್ಕೆ ಮರಳಿತು. ನಿಮ್ಮ ಎನ್‌ಎವಿ? 92ರಲ್ಲೇ ನಿಂತಿದೆ. 92ರ ಮೇಲಿನ ಏರಿಕೆಯನ್ನು ಮಾರಿಯಾಗಿತ್ತಲ್ಲ. ಸುಮ್ನೆ ಸೂಚ್ಯಂಕ ಫಂಡಿನಲ್ಲಿದ್ದವರು ಹೊರಟಲ್ಲಿಗೇ ಬಂದರು. ನಿಮ್ಮ ಕೈಯಲ್ಲಿ 92 ಮತ್ತು ನಗದು 4. ಒಟ್ಟು 96. ಆದರೆ ಆ ಎರಡು ತಿಂಗಳೂ ನಿಮಗೆ "ಆದಾಯ" ತಪ್ಪದೆ ಬಂದಿತ್ತು, ಆ್ಯಪ್‌ನಲ್ಲಿ ಹಸಿರು ಬಣ್ಣದಲ್ಲಿ ಕಂಡಿತ್ತು.

ಹಾಗಾಗಿ ಈ ಫಂಡುಗಳಿಗೆ ಕೆಟ್ಟದ್ದು ಮಾರುಕಟ್ಟೆ ಬೀಳುವುದಲ್ಲ, ಬಿದ್ದು ಬೇಗ ಎದ್ದು ನಿಲ್ಲುವುದು. 2020 ಅಂಥ ವರ್ಷ. ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಕುಸಿದ ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕ ಎಸ್ ಆ್ಯಂಡ್ ಪಿ 500 ವರ್ಷದ ಕೊನೆಗೆ ಡಿವಿಡೆಂಡ್ ಸೇರಿ ಶೇ 18ರಷ್ಟು ಮೇಲಿತ್ತು. ಅದೇ ಸೂಚ್ಯಂಕದ ಮೇಲೆ ಪ್ರತಿ ತಿಂಗಳು ಕಾಲ್ ಮಾರುವ ಲೆಕ್ಕವನ್ನು ಷಿಕಾಗೊದ ಸಿಬೋ ವಿನಿಮಯ ಕೇಂದ್ರ ಬಿಎಕ್ಸ್‌ಎಂ ಹೆಸರಿನಲ್ಲಿ ಇಡುತ್ತದೆ. ಆ ವರ್ಷ ಅದು ಸುಮಾರು ಶೇ 3ರಷ್ಟು ನಷ್ಟದಲ್ಲಿ ಮುಗಿಯಿತು. 2025ರ ಏಪ್ರಿಲ್‌ನಲ್ಲೂ ಇಂಥದ್ದೇ ನಡೆಯಿತು. ಟ್ರಂಪ್ ಅವರ ಸುಂಕದ ಘೋಷಣೆಯ ನಂತರ ನಾಲ್ಕು ದಿನದ ವಹಿವಾಟಿನಲ್ಲಿ ಎಸ್ ಆ್ಯಂಡ್ ಪಿ 500 ಸುಮಾರು ಶೇ 12 ಬಿತ್ತು. ಏಪ್ರಿಲ್ 9ರ ಒಂದೇ ದಿನ ಶೇ 9.5 ಜಿಗಿಯಿತು. ಜೂನ್ ಕೊನೆಗೆ ಹೊಸ ಎತ್ತರ ಮುಟ್ಟಿತು. ಕಡಿಮೆ ಸ್ಟ್ರೈಕ್‌ಗೆ ಕಾಲ್ ಮಾರಿ ಕೂತವರಿಗೆ ಅಂಥ ಜಿಗಿತದಲ್ಲಿ ಸಿಗುವುದು ಕಡಿಮೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2008ರಲ್ಲಿ ಎಸ್ ಆ್ಯಂಡ್ ಪಿ ಶೇ 37 ಕಳೆದುಕೊಂಡರೆ ಬಿಎಕ್ಸ್‌ಎಂ ಕಳೆದುಕೊಂಡದ್ದು ಶೇ 29ರ ಹತ್ತಿರ. 2022ರಲ್ಲಿ ಎಸ್ ಆ್ಯಂಡ್ ಪಿ ಶೇ 18 ಬಿದ್ದಾಗ ಅಮೆರಿಕದ ಜೆಇಪಿಐ ಶೇ 3ರಿಂದ 4ರ ನಷ್ಟಕ್ಕೇ ನಿಂತಿತು. ಈ ಫಂಡಿಗೆ ಹೆಸರು ಬಂದಿದ್ದೇ ಆ ವರ್ಷ. ಅದರಲ್ಲಿ ಅರ್ಧ ಕ್ರೆಡಿಟ್ಟು ಆಪ್ಷನ್‌ಗಲ್ಲ, ಹೆಚ್ಚು ಏರಿಳಿತವಿಲ್ಲದ ಷೇರುಗಳನ್ನು ಆರಿಸಿದ್ದಕ್ಕೆ ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಮರುವರ್ಷ ಎಸ್ ಆ್ಯಂಡ್ ಪಿ ಶೇ 26 ಏರಿತು, ಜೆಇಪಿಐ ಶೇ 10ರ ಹತ್ತಿರ. ನ್ಯಾಸ್‌ಡ್ಯಾಕ್‌ನದ್ದೂ ಇದೇ ಕಥೆ. 2022ರಲ್ಲಿ ನ್ಯಾಸ್‌ಡ್ಯಾಕ್ 100 ಶೇ 32 ಬಿತ್ತು, ಕ್ಯೂವೈಎಲ್‌ಡಿ ಶೇ 19. 2023ರಲ್ಲಿ ನ್ಯಾಸ್‌ಡ್ಯಾಕ್ ಶೇ 55 ಏರಿತು, ಕ್ಯೂವೈಎಲ್‌ಡಿ ಶೇ 23. ಎರಡು ವರ್ಷ ಕೂಡಿಸಿ ನೋಡಿದರೆ ನ್ಯಾಸ್‌ಡ್ಯಾಕ್ ಶೇ 5ರಷ್ಟು ಮುಂದೆ, ಕ್ಯೂವೈಎಲ್‌ಡಿ ಹೆಚ್ಚುಕಡಿಮೆ ಹೊರಟ ಜಾಗದಲ್ಲಿ. ಎರಡು ವರ್ಷದಲ್ಲಿ ಇದು ದೊಡ್ಡ ಅಂತರವೇನಲ್ಲ. ಹತ್ತು ವರ್ಷಕ್ಕೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. 2013ರ ಡಿಸೆಂಬರಿನಲ್ಲಿ ಶುರುವಾದಾಗ ಕ್ಯೂವೈಎಲ್‌ಡಿ ಬೆಲೆ 25 ಡಾಲರ್ ಆಸುಪಾಸಿನಲ್ಲಿತ್ತು. 2024ರ ಕೊನೆಗೆ 18ರ ಆಸುಪಾಸು. ಅದೇ ಅವಧಿಯಲ್ಲಿ ನ್ಯಾಸ್‌ಡ್ಯಾಕ್ 100 ಸೂಚ್ಯಂಕ ಸುಮಾರು ಆರು ಪಟ್ಟಾಯಿತು. ನಡುವೆ ತಿಂಗಳು ತಿಂಗಳು ಹಂಚಿದ ಹಣ ನಿಜ. ಅಸಲು ಮುಟ್ಟಿಲ್ಲ ಅನ್ನುವುದು ನಿಜವಲ್ಲ.

ಎಲ್ಲ ಫಂಡುಗಳೂ ಒಂದೇ ಥರ ಅಲ್ಲ ಅನ್ನುವುದು ನೆನಪಿರಲಿ. ಗ್ಲೋಬಲ್ ಎಕ್ಸ್‌ನ ನ್ಯಾಸ್‌ಡ್ಯಾಕ್ ಫಂಡು ಇಡೀ ಮೊತ್ತದ ಮೇಲೆ, ಇವತ್ತಿನ ಬೆಲೆಯ ಸ್ಟ್ರೈಕ್‌ಗೇ ಕಾಲ್ ಮಾರುತ್ತದೆ. ಪ್ರೀಮಿಯಂ ಜಾಸ್ತಿ, ಏರಿಕೆಯ ಪಾಲು ಬಹುತೇಕ ಸೊನ್ನೆ. ಜೆಪಿಮಾರ್ಗನ್ ಫಂಡುಗಳು ಷೇರುಗಳನ್ನು ತಾವೇ ಆರಿಸಿ, ಬೆಲೆಗಿಂತ ಸ್ವಲ್ಪ ಮೇಲಿನ ಸ್ಟ್ರೈಕ್‌ಗೆ ಮಾರುತ್ತವೆ. ಪ್ರೀಮಿಯಂ ಕಡಿಮೆ, ಆದರೆ ಏರಿದಾಗ ಸ್ವಲ್ಪವಾದರೂ ಕೈಗೆ ಹತ್ತುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ನಾನು ಎರಡನೆಯದರ ಕಡೆ. ಇನ್ನು ಒಂದೇ ಕಂಪನಿಯ ಷೇರಿನ ಮೇಲೆ ಆಪ್ಷನ್ ಮಾರಿ ಶೇ 30, ಶೇ 50 ಅಂತ ತೋರಿಸುವ ಉತ್ಪನ್ನಗಳು ಯುರೋಪಿಗೂ ಬಂದಿವೆ. ಅವನ್ನು ಮುಟ್ಟಬೇಡಿ. ಟೆಸ್ಲಾ ಮೇಲೆ ಹೀಗೆ ಕಾಲ್ ಮಾರುವ ಅಮೆರಿಕದ ಯೀಲ್ಡ್‌ಮ್ಯಾಕ್ಸ್ ಫಂಡು 2022ರ ನವೆಂಬರಿನಲ್ಲಿ ಶುರುವಾಯಿತು. 2024ರ ಫೆಬ್ರುವರಿಗೆಲ್ಲ ಬೆಲೆ ಕುಸಿದು ಎರಡು ಯೂನಿಟ್ ಸೇರಿಸಿ ಒಂದು ಮಾಡಬೇಕಾಯಿತು.

ಆ್ಯಪ್‌ನಲ್ಲಿ ಕಾಣುವ ಶೇ 10 ಭರವಸೆಯೂ ಅಲ್ಲ. ಅದು ಕಳೆದ ಹನ್ನೆರಡು ತಿಂಗಳು ಹಂಚಿದ್ದನ್ನು ಇವತ್ತಿನ ಬೆಲೆಯಿಂದ ಭಾಗಿಸಿದ ಅಂಕಿ. ಮಾರುಕಟ್ಟೆ ಗಾಬರಿಯಲ್ಲಿದ್ದಾಗ ಪ್ರೀಮಿಯಂ ದಪ್ಪ, ಶಾಂತವಾದಾಗ ತೆಳು. ಜೆಇಪಿಐ 2022ರ ಕೊನೆಗೆ ಶೇ 11ರಿಂದ 12 ತೋರಿಸುತ್ತಿತ್ತು, 2024ರಲ್ಲಿ ಶೇ 7ರ ಆಸುಪಾಸಿಗೆ ಇಳಿಯಿತು. ಅಂದರೆ ನಿಮ್ಮ 500 ಒಂದು ತಿಂಗಳು 500, ಇನ್ನೊಂದು ತಿಂಗಳು 350. ಇದರ ಮೇಲೆ ಡಾಲರ್ ಬೇರೆ. ಯೂರೊಗಳಲ್ಲಿ ಕೊಂಡರೂ ಒಳಗಿರುವುದು ಬಹುಪಾಲು ಡಾಲರ್ ಆಸ್ತಿ. 2025ರ ಆರಂಭದಲ್ಲಿ ಒಂದು ಯೂರೊಗೆ 1.04 ಡಾಲರ್ ಸಿಗುತ್ತಿತ್ತು, ಜೂನ್ ಕೊನೆಗೆ 1.17 ದಾಟಿತ್ತು. ವರ್ಷದ ಪ್ರೀಮಿಯಂ ಅಷ್ಟನ್ನೂ ಆರು ತಿಂಗಳ ವಿನಿಮಯ ದರವೇ ತಿಂದು ಹಾಕಬಹುದು.

ಈಗ ತೆರಿಗೆಗೆ ಬರೋಣ. ನೀವು ನೋಡಿದ ವಿಡಿಯೊಗಳು ಬಹುತೇಕ ಅಮೆರಿಕದವರಿಗೆ ಮಾಡಿದವು, ಅಲ್ಲಿನ ಲೆಕ್ಕ ಬೇರೆ. ಅಲ್ಲಿ ಫಂಡು ಹಂಚಿದ್ದರಲ್ಲಿ ಒಂದು ಭಾಗ ನಿಮ್ಮದೇ ಅಸಲು ವಾಪಸು ಅಂತ ವರ್ಗೀಕರಣವಾದರೆ ಅದಕ್ಕೆ ಆಗಲೇ ತೆರಿಗೆ ಬೀಳುವುದಿಲ್ಲ, ಕೊಂಡ ಬೆಲೆಯಿಂದ ಕಳೆಯುತ್ತಾರೆ. ಕ್ಯೂವೈಎಲ್‌ಡಿ ಪ್ರಿಯರಿಗೆ ಅಮೆರಿಕದಲ್ಲಿ ಇದೊಂದು ದೊಡ್ಡ ಆಕರ್ಷಣೆ. ಜರ್ಮನಿಯಲ್ಲಿ ಆ ಸೌಲಭ್ಯವಿಲ್ಲ. ಫಂಡು ಹಂಚಿದ ಪ್ರತಿ ಯೂರೊ ಆದಾಯವೇ. ಅದು ಲಾಭದಿಂದ ಬಂತೋ, ನಿಮ್ಮದೇ ಅಸಲು ಕರಗಿ ಬಂತೋ ಅಂತ ತೆರಿಗೆ ಇಲಾಖೆ ಕೇಳುವುದಿಲ್ಲ.

ನಿಮ್ಮ 60,000ಕ್ಕೇ ಲೆಕ್ಕ ಹಾಕಿ. ವರ್ಷಕ್ಕೆ 6,000 ಬಂತು. ಷೇರು ಫಂಡ್ ಆದ್ದರಿಂದ ಶೇ 30 ವಿನಾಯಿತಿ, ಅದೇ ಟೈಲ್‌ಫ್ರೈಶ್ಟೆಲ್ಲುಂಗ್. ಉಳಿದದ್ದು 4,200. ಒಬ್ಬರಿಗೆ ವರ್ಷಕ್ಕೆ 1,000 ಯೂರೊ ಶ್ಪಾರರ್ ಪೌಶ್‌ಬೆಟ್ರಾಗ್, ಅಂದರೆ ತೆರಿಗೆ ಬೀಳದ ಮಿತಿ, ಇದೆ, ಅದನ್ನು ಪೂರ್ತಿ ಇದಕ್ಕೇ ಬಳಸಿದರೆ 3,200. ಅದರ ಮೇಲೆ ಸೋಲಿ ಎಂಬ ಹೆಚ್ಚುವರಿ ತೆರಿಗೆ ಸೇರಿ ಶೇ 26.375. ತೆರಿಗೆ ಸುಮಾರು 844 ಯೂರೊ. ಕೈಗೆ ತಿಂಗಳಿಗೆ 500 ಅಲ್ಲ, 430. ಆ ವರ್ಷ ಫಂಡಿನ ನಿಜವಾದ ಗಳಿಕೆ ಶೇ 7 ಮಾತ್ರ ಇತ್ತು ಅಂತಿಟ್ಟುಕೊಳ್ಳಿ. ಹಾಗಾದರೆ ಹಂಚಿದ 6,000ದಲ್ಲಿ 1,800 ನಿಮ್ಮದೇ ದುಡ್ಡು. ಅದಕ್ಕೂ ತೆರಿಗೆ ಕಟ್ಟಿದಿರಿ. ಮುಂದೆ ಫಂಡನ್ನು ನಷ್ಟಕ್ಕೆ ಮಾರಿದಾಗ ಆ ನಷ್ಟವನ್ನು ಬೇರೆ ಲಾಭದ ಜೊತೆ ಹೊಂದಿಸಿಕೊಳ್ಳಬಹುದು. ಅಲ್ಲಿಯವರೆಗೆ ಆ ಹಣ ಸರ್ಕಾರದ ಹತ್ತಿರ.

ಇದನ್ನೇ ಹಂಚದ ಫಂಡಿನಲ್ಲಿ, ಅಂದರೆ ಡಿವಿಡೆಂಡನ್ನು ಒಳಗೇ ಕೂಡಿಸಿಕೊಳ್ಳುವ ಸಾದಾ ವರ್ಲ್ಡ್ ಇಟಿಎಫ್‌ನಲ್ಲಿ ಮಾಡಿ ನೋಡಿ. ಅದೂ ಶೇ 7 ಬೆಳೆದು 64,200 ಆಯಿತು. 6,000ದಷ್ಟು ಯೂನಿಟ್ ಮಾರಿದಿರಿ. ಅದರಲ್ಲಿ ಲಾಭದ ಪಾಲು 400 ಯೂರೊಗಿಂತ ಕಡಿಮೆ. ತೆರಿಗೆ ಬೀಳುವುದು ಆ ಲಾಭಕ್ಕೆ ಮಾತ್ರ, ಶೇ 30 ವಿನಾಯಿತಿ ಕಳೆದರೆ 275ರ ಹತ್ತಿರ. ಅದು 1,000ದ ಮಿತಿಯೊಳಗೇ ಮುಗಿಯುತ್ತದೆ. ವರ್ಷ ಕಳೆದಂತೆ ಲಾಭದ ಪಾಲು ಹೆಚ್ಚುತ್ತದೆ, ತೆರಿಗೆಯೂ ಬರುತ್ತದೆ. ಫೋರಾಬ್‌ಪೌಶಾಲೆ ಎಂಬ ಮುಂಗಡ ತೆರಿಗೆಯೂ ಇದೆ. 2025ರ ಶೇ 2.53 ದರದ ಶೇ 70ರಷ್ಟನ್ನು ಲೆಕ್ಕಕ್ಕೆ ಹಿಡಿದರೆ 60,000ಕ್ಕೆ ಅದರ ಆಧಾರ ಮೊತ್ತ 1,063 ಯೂರೊ, ವಿನಾಯಿತಿ ಕಳೆದು 744. ಇದನ್ನು ಮುಂದೆ ಮಾರುವಾಗಿನ ಲಾಭದಿಂದ ಕಳೆದುಕೊಡುತ್ತಾರೆ. ನಿಮ್ಮ ಹಳೆಯ ವರ್ಲ್ಡ್ ಇಟಿಎಫ್ ಕೂಡ ಆ 1,000ದಲ್ಲಿ ಪಾಲು ಕೇಳುತ್ತದೆ ಅನ್ನುವುದನ್ನು ಮರೆಯಬೇಡಿ. ಎಲ್ಲ ಸೇರಿಸಿದರೂ ಮೊದಲ ಕೆಲವು ವರ್ಷ ಈ ದಾರಿಯ ತೆರಿಗೆ ತೀರಾ ಕಡಿಮೆ.

ಹಾಗಂತ ವರ್ಷಕ್ಕೆ ಶೇ 10 ತೆಗೆಯುವುದು ಯಾವ ಫಂಡಿನಿಂದಾದರೂ ಅತಿಯೇ. ಏರಿಳಿತವಿಲ್ಲದೆ ಪ್ರತಿ ವರ್ಷ ಶೇ 7 ಬೆಳೆದರೂ 60,000ದಿಂದ ವರ್ಷಕ್ಕೆ 6,000 ತೆಗೆದರೆ ಸುಮಾರು 18 ವರ್ಷಕ್ಕೆ ಗಂಟು ಖಾಲಿ. ಕವರ್ಡ್ ಕಾಲ್ ಈ ಲೆಕ್ಕವನ್ನು ಬದಲಿಸುವುದಿಲ್ಲ, ಕಾಣದ ಹಾಗೆ ಮಾಡುತ್ತದೆ ಅಷ್ಟೆ.

ಆದರೆ ನಿಮಗೆ ಇದ್ಯಾವುದೂ ಬೇಕಿಲ್ಲ ಅನ್ನಿಸುತ್ತದೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ತಿಂಗಳಿಗೆ 800 ಯೂರೊ ಸಂಬಳದಿಂದ ಇಟಿಎಫ್‌ಗೆ ಹಾಕುತ್ತಿದ್ದೀರಿ. ಇನ್ನೊಂದು ಕಡೆ ಉಳಿತಾಯವನ್ನು ಫಂಡಿಗೆ ಹಾಕಿ, ಅದರಿಂದ 500 ತೆಗೆದು, ತೆರಿಗೆ ಕಟ್ಟಿ, ಊರಿಗೆ ಕಳಿಸಬೇಕೆಂದಿದ್ದೀರಿ. ಒಂದು ಬಾಗಿಲಿಂದ ಹಣ ಒಳಗೆ, ಇನ್ನೊಂದರಿಂದ ಹೊರಗೆ, ನಡುವೆ ತೆರಿಗೆ. ಬದಲಿಗೆ ಅಪ್ಪ ಅಮ್ಮನಿಗೆ 500 ಸಂಬಳದಿಂದಲೇ ಕಳಿಸಿ. ತಿಂಗಳ ಹೂಡಿಕೆಯನ್ನು 300ಕ್ಕೆ ಇಳಿಸಿ. 60,000ವನ್ನು, ಹತ್ತು ವರ್ಷ ಬೇಕಾಗದ ಹಣವಾಗಿದ್ದರೆ, ಹಂಚದ ಇಟಿಎಫ್‌ನಲ್ಲಿ ಬಿಡಿ. ಊರಿಗೆ ಹೋಗುವ ಹಣ ಅಷ್ಟೇ, ತೆರಿಗೆ ಬಹಳ ಕಡಿಮೆ, ಖರ್ಚೂ ಕಡಿಮೆ. ಈ ಆದಾಯ ಫಂಡುಗಳ ವಾರ್ಷಿಕ ಖರ್ಚು ಶೇ 0.35ರಿಂದ 0.45, ಎಸ್ ಆ್ಯಂಡ್ ಪಿ 500ರ ಸಾದಾ ಯೂಸಿಟ್ಸ್ ಇಟಿಎಫ್ ಶೇ 0.07ಕ್ಕೂ ಕಡಿಮೆಗೆ ಸಿಗುತ್ತದೆ. ನೀವು ಅಪ್ಪ ಅಮ್ಮನಿಗೆ ಕಳಿಸುವ ಹಣಕ್ಕೆ ಭಾರತದಲ್ಲಿ ಅವರಿಗೆ ತೆರಿಗೆ ಇಲ್ಲ, ಹತ್ತಿರದ ಸಂಬಂಧಿಕರ ಉಡುಗೊರೆ ಅಂತ ಲೆಕ್ಕ.

ಕೆಲಸ ಹೋದರೆ? ಆ ಭಯಕ್ಕಾಗಿಯೇ ಅವರಿಗೊಂದು ಬೇರೆ ಗಂಟು ಬೇಕು ಅಂತ ನಿಮಗೆ ಅನ್ನಿಸಿರಬಹುದು, ಅದು ಸಹಜ. ಹಾಗಿದ್ದರೆ ಒಂದು ವರ್ಷದ ಮೊತ್ತ, 6,000 ಯೂರೊ, ಬಡ್ಡಿ ಬರುವ ಟಾಗೆಸ್‌ಗೆಲ್ಟ್ ಖಾತೆಯಲ್ಲಿಡಿ. ಜನರ ಕೆಲಸ ಹೋಗುವ ಕಾಲಕ್ಕೇ ಮಾರುಕಟ್ಟೆಯೂ ಬಿದ್ದಿರುತ್ತದೆ, ಹೆಚ್ಚಾಗಿ. ಅಂಥ ಹೊತ್ತಿಗೆ ಷೇರು ಫಂಡು, ಕಾಲ್ ಮಾರಲಿ ಬಿಡಲಿ, ಒಳ್ಳೆಯ ಆಸರೆಯಲ್ಲ.

ಹಾಗಾದರೆ ಈ ಫಂಡುಗಳು ಯಾರಿಗೂ ಬೇಡವೇ? ಬೇಕು. ನಿವೃತ್ತರಾಗಿ, ಕೈಯಾರೆ ಯೂನಿಟ್ ಮಾರುವುದಕ್ಕೆ ಮನಸ್ಸೇ ಬಾರದೆ, ಬಿದ್ದಾಗ ಹೆದರಿ ಎಲ್ಲವನ್ನೂ ಮಾರಿಬಿಡುವವರಿಗೆ ತಿಂಗಳಿಗೊಮ್ಮೆ ಬರುವ ಹಣ ಒಂದು ಧೈರ್ಯ. ಅಷ್ಟರಮಟ್ಟಿಗೆ ಕಡಿಮೆ ಗಳಿಕೆಯನ್ನು ನಾನು ಒಪ್ಪುತ್ತೇನೆ. ಆಪ್ಷನ್ ಕೊಳ್ಳುವವರು ಸಾಮಾನ್ಯವಾಗಿ ನಿಜವಾಗುವ ಏರಿಳಿತಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಲೆ ಕೊಡುತ್ತಾರೆ, ಆ ಸಣ್ಣ ಲಾಭವೂ ಮಾರುವವರಿಗೆ ನಿಜವಾಗಿ ಸಿಗುತ್ತದೆ. ವರ್ಷಾನುಗಟ್ಟಲೆ ಅಲ್ಲಲ್ಲೇ ತೂಗುವ ಮಾರುಕಟ್ಟೆಯಲ್ಲಿ ಇವು ಸಾದಾ ಸೂಚ್ಯಂಕವನ್ನು ಮೀರಿಸಲೂಬಹುದು.

ದೇಶವೂ ಮುಖ್ಯ. ಬ್ರಿಟನ್ನಿನವರು ವರ್ಷಕ್ಕೆ 20,000 ಪೌಂಡ್ ಮಿತಿಯ ಐಸಾ ಖಾತೆಯಲ್ಲಿಟ್ಟರೆ ಹಂಚಿದ್ದಕ್ಕೆ ತೆರಿಗೆಯೇ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಉಳಿತಾಯ, ಹೂಡಿಕೆಗೆ ಬೀಳುವ ಬಾಕ್ಸ್ 3 ತೆರಿಗೆ ಸದ್ಯ ಊಹಿಸಿದ ಗಳಿಕೆಯ ಮೇಲೆ ನಿಂತಿದೆ, ಹಾಗಾಗಿ ತಿಂಗಳ ಹಂಚಿಕೆಗೆಂದು ಬೇರೆ ಹೊರೆಯಿಲ್ಲ. ಬೆಲ್ಜಿಯಂನವರು ಮಾತ್ರ ದೂರವಿರುವುದು ಮೇಲು, ಹಂಚಿದ ಪ್ರತಿ ಯೂರೊಗೂ ಅಲ್ಲಿ ಶೇ 30 ಕಡಿತ. ಐರ್ಲೆಂಡ್‌ನಲ್ಲಿ ಇಟಿಎಫ್‌ಗಳಿಗೆ ಬಹುಕಾಲ ಶೇ 41 ತೆರಿಗೆಯಿತ್ತು, 2026ರಿಂದ 38. ಮಾರದಿದ್ದರೂ ಎಂಟು ವರ್ಷಕ್ಕೊಮ್ಮೆ ಮಾರಿದಂತೆ ಭಾವಿಸಿ ವಸೂಲಿ ಬೇರೆ. ತಮಾಷೆ ಅಂದರೆ ಈ ಫಂಡುಗಳಲ್ಲಿ ಹೆಚ್ಚಿನವು ನೋಂದಣಿಯಾಗಿರುವುದು ಅಲ್ಲೇ. ಅದಕ್ಕೆ ಕಾರಣವಿದೆ. ಅಮೆರಿಕದ ಡಿವಿಡೆಂಡ್ ಮೇಲೆ ಐರಿಷ್ ಫಂಡಿಗೆ ಶೇ 15 ಕಡಿತವಾದರೆ, ಅಮೆರಿಕದ ಜೊತೆಗಿನ ತೆರಿಗೆ ಒಪ್ಪಂದದ ಲಾಭ ಸಿಗದ ಕಡೆ ಶೇ 30. ಫಂಡಿನ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಐಇ ಅಕ್ಷರಗಳಿಂದ ಶುರುವಾದರೆ ಅದು ಐರಿಷ್ ಫಂಡು.

ಊರಲ್ಲಿ ಇಂಥ ಫಂಡ್ ಯಾಕೆ ಕಾಣುವುದಿಲ್ಲ ಅಂತ ನಿಮ್ಮಂಥವರು ಕೇಳುತ್ತಿರುತ್ತಾರೆ. ಸೆಬಿ 2019ರ ಜನವರಿಯಲ್ಲಿ ಮ್ಯೂಚುವಲ್ ಫಂಡುಗಳಿಗೆ ಕವರ್ಡ್ ಕಾಲ್ ಬರೆಯಲು ಅನುಮತಿ ಕೊಟ್ಟಿತು. ಆದರೆ ನಿಫ್ಟಿ 50 ಮತ್ತು ಸೆನ್ಸೆಕ್ಸ್ ಷೇರುಗಳ ಮೇಲೆ ಮಾತ್ರ, ಅದೂ ಫಂಡಿನ ಷೇರು ಮೌಲ್ಯದ ಶೇ 15ರ ಮಿತಿಯಲ್ಲಿ. ಇಂಡೆಕ್ಸ್ ಫಂಡು, ಇಟಿಎಫ್‌ಗಳಿಗೆ ಆ ಅನುಮತಿ ಇರಲಿಲ್ಲ. ಆ ಮಿತಿಯಲ್ಲಿ ಶೇ 10 ಹಂಚುವ ಫಂಡ್ ಹುಟ್ಟುವುದು ಕಷ್ಟ.

ಕೊನೆಗೆ ನಿಮ್ಮ ವಾಪಸಾತಿ. ಹಲವು ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ವರ್ಷ ಆರ್‌ಎನ್‌ಒಆರ್, ಅಂದರೆ ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ ಅನ್ನುವ ತೆರಿಗೆ ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ಹೊರದೇಶದ ಹೂಡಿಕೆಯ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಕವರ್ಡ್ ಕಾಲ್ ಫಂಡು ಹಂಚಿದ್ದೆಲ್ಲ ನಿಮ್ಮ ಸ್ಲ್ಯಾಬ್ ದರಕ್ಕೆ ಸಿಕ್ಕುತ್ತದೆ, ನಿಮ್ಮ ಸಂಬಳದ ಮಟ್ಟದಲ್ಲಿ ಶೇ 30 ಮತ್ತು ಸೆಸ್. ಹಂಚದ ಇಟಿಎಫ್ ಆದರೆ ಮಾರುವವರೆಗೆ ಏನೂ ಇಲ್ಲ. 24 ತಿಂಗಳು ದಾಟಿ ಮಾರಿದರೆ ಲಾಭದ ಮೇಲೆ ಶೇ 12.5 ಮತ್ತು ಸೆಸ್. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ವಾಲುವುದು ಇದರಿಂದಲೂ.

ಯಾವುದನ್ನೇ ಕೊಂಡರೂ ಪೂರ್ಣ ನಿವಾಸಿಯಾದ ವರ್ಷದಿಂದ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿಗಿರುವ ಷೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಬೇಕು. ಭಾರತಕ್ಕೆ ವಿಳಾಸ ಬದಲಾದರೆ ಖಾತೆ ಮುಚ್ಚುವ ಬ್ರೋಕರ್‌ಗಳು ಯುರೋಪಿನಲ್ಲಿದ್ದಾರೆ. ನಿಮ್ಮ ಬ್ರೋಕರ್ ಆ ಸಾಲಿನವರೇ ಅಂತ ಹೂಡುವ ಮೊದಲೇ ಒಂದು ಇಮೇಲ್ ಹಾಕಿ ಕೇಳಿ, ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಿ.